ಗುಂಡಿ ತೋಡುವ ಮೊದಲು ಹುಲ್ಲನ್ನು ನೋಡೋಣ

ಸೆಪ್ಟೆಂಬರ್ ಕೊನೆಯ ವಾರಕ್ಕೆ ನನ್ನ ಮೊಬೈಲ್ ಬಿಡುವಿಲ್ಲದೆ ಬಡಿದುಕೊಳ್ಳಲು ಶುರುವಾಗುತ್ತದೆ. ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಪ್ರಾಣಿಶಾಸ್ತ್ರದ ಮೇಷ್ಟ್ರು ಎಂಬ ಕಾರಣಕ್ಕೆ ಶಾಲೆಗಳವರು, ಯುವಕ ಸಂಘದವರು ಕರೆಯುತ್ತಾರೆ. “ಸರ್, ಊರಾಚೆಯ ಕಾವಲಿನಲ್ಲಿ ಇನ್ನೂರು ಸಸಿ ನೆಡುತ್ತಿದ್ದೇವೆ, ನೀವು ಬಂದು ನಾಲ್ಕು ಮಾತನಾಡಬೇಕು.” ಕರೆಯುವವರ ಮನಸ್ಸು ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಈಗೀಗ ನಾನು ಮೊದಲು ಕೇಳುವುದು, ಆ ಕಾವಲಿನಲ್ಲಿ ಸದ್ಯ ಏನಿದೆ ಎಂದು. “ಏನೂ ಇಲ್ಲ ಸರ್, ಬರೀ ಹುಲ್ಲು” ಎನ್ನುತ್ತಾರೆ.

ಹಿಂದೆ ನಾನೂ ಹಾಗೆಯೇ ತಿಳಿದಿದ್ದೆ. ಚಳ್ಳಕೆರೆಯ ಕಡೆಯ ಒಂದು ಶಾಲೆಯವರು ಕರೆದಾಗ ಸಂತೋಷದಿಂದ ಹೋಗಿ ಮರಗಳ ಮಹಿಮೆಯನ್ನು ಅರ್ಧ ಗಂಟೆ ಹೇಳಿದ್ದೆ. ಮಕ್ಕಳು ಹಾರೆ, ಗುದ್ದಲಿ ಹಿಡಿದು ಗುಂಡಿ ತೋಡುತ್ತಿದ್ದಾಗ ಒಂದು ಪೊದೆಹುಲ್ಲಿನ ಬುಡದಿಂದ ಗೌಜುಗ ಬುರ್ರನೆ ಹಾರಿತು. ಆರನೇ ತರಗತಿಯ ಒಬ್ಬ ಹುಡುಗ ಅಂಗೈಯಲ್ಲಿ ಎರಡು ಮೊಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಓಡಿ ಬಂದ. ಇನ್ನೂ ಐದು ಅಲ್ಲಿಯೇ ಇವೆ, ಆದರೆ ಒಡೆದಿವೆ ಎಂದ. ನಾನು ಏನು ಹೇಳಲಿ? ಆ ಗುಂಡಿಯಲ್ಲಿ ಹೊಂಗೆಯ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಬಂದೆವು.

ಮುಂದಿನ ಬೇಸಿಗೆಯಲ್ಲಿ ನಾನೊಬ್ಬನೇ ಅಲ್ಲಿಗೆ ಹೋಗಿ ನೋಡಿದೆ. ಹೊಂಗೆ, ಬೇವಿನ ಸಸಿಗಳಲ್ಲಿ ಬದುಕಿದ್ದವು ಬೆರಳೆಣಿಕೆಯಷ್ಟು. ಆದರೆ ಗುಂಡಿಗಳು ಬರಿದಾಗಿರಲಿಲ್ಲ. ಒಂದೊಂದರಲ್ಲಿಯೂ ಬಳ್ಳಾರಿ ಜಾಲಿಯ ಮುಳ್ಳು ಸಸಿಗಳು ಮೊಣಕಾಲೆತ್ತರಕ್ಕೆ ಬೆಳೆದಿದ್ದವು. ಕುರಿ ಕಾಯುತ್ತಿದ್ದ ಅಜ್ಜ ಹತ್ತಿರ ಬಂದು, “ಮೇಷ್ಟ್ರೇ, ಈ ಗುಂಡಿ ತೋಡಿಸಿದವರು ನೀವೇ ಅಲ್ಲವೇ? ನನ್ನ ಮರಿಯೊಂದು ಬಿದ್ದು ಕಾಲು ಮುರಿದುಕೊಂಡಿತು” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಗಿದ್ದು ಇಷ್ಟು. ಕಾವಲಿನ ನೆಲವನ್ನು ಹುಲ್ಲಿನ ಬೇರು ಹೆಣೆದು ಹಿಡಿದಿರುತ್ತದೆ, ಹೊರಗಿನ ಬೀಜಕ್ಕೆ ಅಲ್ಲಿ ಸುಲಭವಾಗಿ ಜಾಗ ಸಿಗುವುದಿಲ್ಲ. ನಾವು ಆ ಹೆಣಿಗೆಯನ್ನು ಕಿತ್ತು, ಮಳೆನೀರು ನಿಲ್ಲುವಂತೆ ಗುಂಡಿ ಮಾಡಿದೆವು. ಜಾಲಿಕಾಯಿ ತಿಂದ ಕುರಿ, ಮೇಕೆ, ದನಗಳು ಹಿಕ್ಕೆ, ಸಗಣಿಯ ಜೊತೆಗೆ ಬೀಜವನ್ನು ತಂದು ಹಾಕಿದವು. ಬೀಜಕ್ಕೆ ಗೊಬ್ಬರವೂ ಸಿಕ್ಕಿತು, ನೀರೂ ಸಿಕ್ಕಿತು. ನಾವು ಹೊಂಗೆಗೆಂದು ಹಾಸಿದ ಹಾಸಿಗೆಯಲ್ಲಿ ಜಾಲಿ ಮಲಗಿತು.

ಪಹಣಿಯಲ್ಲಿ ಇಂಥ ಎಷ್ಟೋ ನೆಲಗಳ ಮುಂದೆ ‘ಖರಾಬು’ ಎಂದು ಬರೆದಿರುತ್ತದೆ. ಆ ಪದ ಕಂದಾಯಕ್ಕೆ ಸಂಬಂಧಿಸಿದ್ದು, ಜೀವಕ್ಕೆ ಸಂಬಂಧಿಸಿದ್ದಲ್ಲ. ಮೈಸೂರು ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ‘ಅಮೃತ್ ಮಹಲ್’ ಆಯಿತು. ಆ ದನಗಳಿಗೆಂದು ಮೀಸಲಿಟ್ಟು ಕಾಯುತ್ತಿದ್ದ ಹುಲ್ಲುಗಾವಲುಗಳೇ ನಮ್ಮ ಕಾವಲುಗಳು. ಕಾಯುತ್ತಿದ್ದರು ಎಂಬುದಕ್ಕೆ ಹೆಸರೇ ಸಾಕ್ಷಿ. ಚಳ್ಳಕೆರೆ ಸೀಮೆಯಲ್ಲಿ ಮ್ಯಾಸನಾಯಕರ ದೇವರ ಎತ್ತುಗಳು, ಕಂಬಳಿಗೆ ಉಣ್ಣೆ ಕೊಡುವ ಕುರಿಗಳು ಎಲ್ಲವೂ ಬದುಕಿದ್ದು ಈ ಹುಲ್ಲಿನ ಮೇಲೆಯೇ.

ಮರ ಕಡಿಮೆ ಇರುವುದು ಈ ನೆಲದ ಕೊರತೆಯಲ್ಲ, ಸ್ವಭಾವ. ಮುಂಗಾರು ಮಲೆನಾಡಿನಲ್ಲಿ ಸುರಿದು ಹಗುರಾಗಿ ನಮ್ಮ ಕಡೆ ಬರುತ್ತದೆ. ಚಳ್ಳಕೆರೆಯಲ್ಲಿ ವರ್ಷದ ಮಳೆ 500 ಮಿಲಿಮೀಟರ್ ಮುಟ್ಟುವುದೂ ಕಷ್ಟ. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಹೀಗಾಗಿ ನಮ್ಮ ಬಯಲಿಗೆ ನಿಜವಾದ ಹಬ್ಬದ ಕಾಲ ಶರದೃತು. ಹುಲ್ಲು ತೆನೆಗಟ್ಟುತ್ತದೆ, ತಂಗಡಿ ಹಳದಿಯಾಗಿ ಅರಳುತ್ತದೆ, ಅಣ್ಣೆ ಹೂವು ನಸುಗೆಂಪಾಗಿ ತಲೆಯೆತ್ತುತ್ತದೆ, ಮಿಡತೆಗಳು ಹೆಜ್ಜೆ ಹೆಜ್ಜೆಗೂ ಸಿಡಿಯುತ್ತವೆ. ಗಿಡ ನೆಡುವ ಕಾರ್ಯಕ್ರಮದ ಬದಲು ನಾನು ಜನರನ್ನು ಕಾವಲಿಗೆ ನಡೆಸಿಕೊಂಡು ಹೋಗತೊಡಗಿದ್ದು ಈ ಕಾರಣಕ್ಕೆ.

ನಡಿಗೆಗೆ ಹದಿನೈದು ಜನರಿಗಿಂತ ಹೆಚ್ಚು ಬೇಡ. ಬಿಳಿ ಬಟ್ಟೆ ಬೇಡ, ಸುಗಂಧ ಬೇಡ, ಮೈಕ್ ಅಂತೂ ಬೇಡವೇ ಬೇಡ. ಕಾಲಿಗೆ ಪೂರ್ತಿ ಮುಚ್ಚುವ ಬೂಟು ಬೇಕು. ಕಲ್ಲುಗಳ ಸಂದಿನಲ್ಲಿ ಉರಿಮಂಡಲ ಹಾವು ಇರುವ ನೆಲವಿದು, ಯಾವ ಕಲ್ಲನ್ನೂ ಕೈಯಿಂದ ಎತ್ತಬಾರದು. ಮಕ್ಕಳಿಗೆ ನಾನು ಕೊಡುವುದು ನಾಲ್ಕು ಮೀಟರ್ ಉದ್ದದ ಹಗ್ಗ. ಅದನ್ನು ನೆಲದ ಮೇಲೆ ಚೌಕವಾಗಿ ಹಾಸಿದರೆ ಪ್ರತಿ ಬದಿಯೂ ಒಂದೊಂದು ಮೀಟರ್. ಆ ಚೌಕದೊಳಗೆ ಎಷ್ಟು ಬಗೆಯ ಗಿಡಗಳಿವೆ ಎಂದು ಎಣಿಸಬೇಕು, ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಮೊದಲು ಮೂರು ಎನ್ನುತ್ತಾರೆ. ಮಂಡಿಯೂರಿ ಕುಳಿತ ಮೇಲೆ ಎಂಟಾಗುತ್ತದೆ, ಹನ್ನೆರಡಾಗುತ್ತದೆ. ‘ಬರೀ ಹುಲ್ಲು’ ಎಂಬ ಮಾತು ಆ ಚೌಕದಲ್ಲಿಯೇ ಬಿದ್ದುಹೋಗುತ್ತದೆ, ನಾನು ಪಾಠ ಹೇಳಬೇಕಾಗಿಲ್ಲ.

ನನಗೆ ಅತ್ಯಂತ ಪ್ರಿಯವಾದದ್ದು ಊಬಿನ ಪ್ರಯೋಗ. ನಡೆಯುವಾಗ ಕಾಲುಚೀಲಕ್ಕೆ ಚುಚ್ಚಿಕೊಂಡು ಗೋಳು ಹೊಯ್ದುಕೊಳ್ಳುವ ಊಬಿನ ಹುಲ್ಲನ್ನು ಎಲ್ಲರೂ ಬಲ್ಲರು. ಒಂದು ಊಬನ್ನು ಬಿಡಿಸಿ ಅಂಗೈಯಲ್ಲಿಟ್ಟು ಒಂದು ಹನಿ ನೀರು ಬಿಡಿ. ಹಗ್ಗದಂತೆ ಹುರಿಗೊಂಡಿರುವ ಅದರ ಬಾಲ ನಿಧಾನವಾಗಿ ಬಿಚ್ಚಿಕೊಳ್ಳುತ್ತ ತಿರುಗುತ್ತದೆ. ಒಣಗಿದಾಗ ಮತ್ತೆ ಹುರಿಗೊಳ್ಳುತ್ತದೆ. ರಾತ್ರಿಯ ಇಬ್ಬನಿಗೆ ಬಿಚ್ಚಿಕೊಂಡು, ಹಗಲಿನ ಬಿಸಿಲಿಗೆ ಸುತ್ತಿಕೊಂಡು, ತಿರುಪಿನ ಮೊಳೆಯಂತೆ ಬೀಜವನ್ನು ಮಣ್ಣಿಗೆ ಇಳಿಸುವ ವ್ಯವಸ್ಥೆ ಅದು. ತುದಿಯ ಹಿಮ್ಮುಖ ರೋಮಗಳು ಬೀಜ ಹಿಂದಕ್ಕೆ ಬರದಂತೆ ಹಿಡಿಯುತ್ತವೆ. ಯಾರೂ ಗುಂಡಿ ತೋಡದೆಯೇ ತನ್ನನ್ನು ತಾನು ಬಿತ್ತಿಕೊಳ್ಳುವ ಬೆಳೆ! ಕಾಲುಚೀಲವನ್ನು ಶಪಿಸುತ್ತಿದ್ದ ಮಕ್ಕಳು ಊಬನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಬಯಲನ್ನು ಮರದಿಂದ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹರಿಹರದ ಆಚೆಗೇ ರಾಣೆಬೆನ್ನೂರು. ಅಲ್ಲಿ ಕೃಷ್ಣಮೃಗಗಳಿಗಾಗಿ 1974ರಲ್ಲಿ ಅಭಯಾರಣ್ಯವಾಯಿತು. ಆದರೆ ಅದರ ಬಯಲಿನ ಬಹುಭಾಗಕ್ಕೆ ನೀಲಗಿರಿ ತೋಪುಗಳು ಬಂದವು. ದೂರದವರೆಗೆ ಕಣ್ಣು ಹರಿಯುವ ತೆರೆದ ನೆಲ ಬೇಕಾದ ದೊರೆಹಕ್ಕಿ, ನಮ್ಮ ಹಿರಿಯರ ಬಾಯಲ್ಲಿ ಎರೆಭೂತ, ಅಲ್ಲಿಂದ ಮರೆಯಾಯಿತು. ರಾಜ್ಯದಲ್ಲಿ ಈಗ ಅದು ಉಳಿದಿರುವುದು ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಷ್ಟು. ಮರ ನೆಟ್ಟವರು ಕೆಟ್ಟದ್ದನ್ನು ಬಯಸಿದವರಲ್ಲ. ನನಗೆ ಭಯ ಹುಟ್ಟಿಸುವುದು ಅದೇ.

ಹಾಗಾದರೆ ಸಪ್ತಾಹದಲ್ಲಿ ಮಾಡುವುದೇನು ಎಂದು ಕೇಳುತ್ತಾರೆ. ನಾನು ಹೇಳುವುದು, ಹಾರೆಯನ್ನು ತನ್ನಿ, ಆದರೆ ಜಾಲಿ ಕೀಳಲಿಕ್ಕೆ ತನ್ನಿ. ಬಳ್ಳಾರಿ ಜಾಲಿ ಅಮೆರಿಕ ಖಂಡಗಳಿಂದ ಬಂದ ಗಿಡ, ವಿಜಯದಶಮಿಗೆ ನಾವು ತಲೆಬಾಗುವ ಬನ್ನಿಯ ದಾಯಾದಿ. ಅದನ್ನು ಮೇಲಿಂದ ಕಡಿದರೆ ಪ್ರಯೋಜನವಿಲ್ಲ, ಬುಡದಿಂದ ನಾಲ್ಕರ ಬದಲು ಹತ್ತು ಚಿಗುರು ಬರುತ್ತವೆ. ಬಲಿತ ಗಿಡವನ್ನು ನೆಲದೊಳಗೆ ಗೇಣಿನಷ್ಟು ಕೆಳಗೆ, ಚಿಗುರೊಡೆಯುವ ಬುಡದ ಗಂಟಿನ ಸಮೇತ ತೆಗೆಯಬೇಕು. ಆದರೆ ಈ ವರ್ಷ ಹುಟ್ಟಿದ ಸಸಿಯಾದರೆ, ಹಸ್ತದ ಮಳೆಗೆ ನೆಲ ಮೆತ್ತಗಿರುವಾಗ ಒಬ್ಬ ಹುಡುಗಿಯೂ ಬೇರಿನ ಸಮೇತ ಎಳೆದು ಹಾಕಬಲ್ಲಳು. ಡಿಸೆಂಬರ್ ಬಂತೆಂದರೆ ನೆಲ ಕಲ್ಲಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಅಕ್ಟೋಬರ್‌ಗಿಂತ ಒಳ್ಳೆಯ ತಿಂಗಳಿಲ್ಲ. ಕುರಿಗಾಹಿಗಳನ್ನು ಕೇಳಿಯೇ ಇದನ್ನು ಮಾಡಬೇಕು, ಸೌದೆಗೆ, ಬೇಲಿಗೆ ಜಾಲಿಯನ್ನೇ ನಂಬಿದ ಮನೆಗಳೂ ಇವೆ.

ಮರ ನೆಡಲೇಬೇಕೆಂಬ ಆಸೆಯಿದ್ದರೆ ಶಾಲೆಯ ಅಂಗಳವಿದೆ, ರಸ್ತೆಯ ಬದಿಯಿದೆ, ಹೊಲದ ಬದುವಿದೆ. ಅಲ್ಲಿ ಹೊಂಗೆ, ಬೇವು, ಅತ್ತಿ ಧಾರಾಳವಾಗಿ ನೆಡಿ, ನಾನೂ ಬರುತ್ತೇನೆ.

ಗುಡ್ಡಕಾಡಿನ ಮಾತು ಬೇರೆ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿ 2015ರಿಂದ ವನ್ಯಜೀವಿಧಾಮ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗಳ ಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಎರಡಕ್ಕೂ ಗುಂಪು ಕಟ್ಟಿಕೊಂಡು ಹೋಗುವಂತಿಲ್ಲ. ಕಾವಲಿನಲ್ಲಿ ಬೆಳಗಿನ ಆರಕ್ಕೆ ಸದ್ದಿಲ್ಲದೆ ನಡೆಯಿರಿ ಎನ್ನುವ ನಾನೇ, ಕರಡಿಗಳಿರುವ ಗುಡ್ಡದಲ್ಲಿ ಬಿಸಿಲೇರಿದ ಮೇಲೆ, ಮಾತನಾಡುತ್ತ ನಡೆಯಿರಿ ಎನ್ನುತ್ತೇನೆ. ಕರಡಿಗೆ ದೃಷ್ಟಿ ಮಂದ. ಹತ್ತಿರದಲ್ಲಿ ಥಟ್ಟನೆ ಎದುರಾದಾಗ ಗಾಬರಿಯಿಂದ ಮೇಲೆ ಬೀಳುತ್ತದೆ. ಸೀತಾಫಲ ಹಣ್ಣಾಗುವ ಕಾಲ ಇದೇ ಆದ್ದರಿಂದ ಹಣ್ಣಿಗೆ ಹೋದವರೂ ಕರಡಿಯೂ ಒಂದೇ ಪೊದೆಯ ಎರಡು ಬದಿಯಲ್ಲಿ ಇರುವ ಸಂಭವ ಹೆಚ್ಚು. ಕೊಂಡುಕುರಿಯಾದರೋ ಕಣ್ಣಿಗೆ ಬೀಳುವುದೇ ಅಪರೂಪ. ಗಂಡಿಗೆ ನಾಲ್ಕು ಕೊಂಬಿರುವ, ಭಾರತ ಮತ್ತು ನೇಪಾಳದಲ್ಲಿ ಮಾತ್ರ ಇರುವ ಈ ಪ್ರಾಣಿ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಆ ಗುಪ್ಪೆಯನ್ನು ನೋಡಿ, ಅದು ಇಲ್ಲಿದೆ ಎಂದು ತಿಳಿದು, ಹಾಗೆಯೇ ಹಿಂದಿರುಗಿದರೂ ಆ ದಿನ ಸಾರ್ಥಕ.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕು. ನಕ್ಷತ್ರ ಆಮೆ ಕಂಡರೆ ಮುಟ್ಟಬೇಡಿ, ಮನೆಗೆ ತರಬೇಡಿ, ಎಲ್ಲಿ ಕಂಡಿತೆಂದು ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ. ಅದನ್ನು ಹುಡುಕಿಕೊಂಡು ಬರುವ ಕಳ್ಳಸಾಗಣೆಯವರಿಗೆ ನಿಮ್ಮ ಫೋಟೊ ಒಂದೇ ಸಾಕು.

ಸಪ್ತಾಹ ಮುಗಿದ ಕೆಲವೇ ದಿನಗಳಿಗೆ ಶೀಗಿ ಹುಣ್ಣಿಮೆ ಬರುವುದುಂಟು. ಬುತ್ತಿ ಕಟ್ಟಿಕೊಂಡು, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬಸುರಿ ಭೂಮಿತಾಯಿಗೆ ಬಯಕೆಯ ಅಡುಗೆ ಬಡಿಸಿ, ಬೆಳೆಯ ನಡುವೆ ಚರಗ ಚೆಲ್ಲುವ ದಿನ. ಆ ಚರಗ ಇಲಿಗೂ ಸಲ್ಲುತ್ತದೆ, ಹಕ್ಕಿಗೂ ಸಲ್ಲುತ್ತದೆ, ಇರುವೆಗೂ ಸಲ್ಲುತ್ತದೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಜನರಿಗೆ ಹೊರಸಂಚಾರವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಊಟ ಮುಗಿದ ಮೇಲೆ ಹೊಲದ ಅಂಚಿನ ಹುಲ್ಲಿನ ಕಡೆಗೆ ಇನ್ನೂ ನೂರು ಹೆಜ್ಜೆ ಹಾಕಿ ಎಂದಷ್ಟೇ ನಾನು ಕೇಳಿಕೊಳ್ಳುವುದು.

ಕಳೆದ ವರ್ಷ ದೀಪಾವಳಿಯ ಮರುವಾರ ಅದೇ ಕಾವಲಿಗೆ ಒಂಬತ್ತು ಮಕ್ಕಳನ್ನು ಸಂಜೆ ಕರೆದುಕೊಂಡು ಹೋಗಿದ್ದೆ. ಚಳಿಗಾಲ ಕಳೆಯಲು ಕಜಾಕಿಸ್ತಾನದ ಕಡೆಯ ಹುಲ್ಲುಗಾವಲುಗಳಿಂದ ನಮ್ಮ ಬಯಲಿಗೆ ಬರುವ ಸೆಳೆವ ಹಕ್ಕಿಗಳನ್ನು ನೋಡುವುದಕ್ಕೆ. ಹದ್ದಿನ ಬಳಗದ ಈ ಹಕ್ಕಿಗಳು ಹಗಲೆಲ್ಲ ಮಿಡತೆ, ಇಲಿ ಹಿಡಿದು, ರಾತ್ರಿ ಮರ ಹತ್ತದೆ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ತಂಗುತ್ತವೆ. ಹುಲ್ಲು ಹೋದರೆ ಅವಕ್ಕೆ ಮಲಗಲು ಜಾಗವಿಲ್ಲ. ನಾವು ದೂರದ ದಿಣ್ಣೆಯ ಮೇಲೆ ಕುಳಿತೆವು. ಹೊತ್ತು ಮುಳುಗುತ್ತಿದ್ದಂತೆ ಒಂದೊಂದಾಗಿ ಬಂದು, ಹುಲ್ಲಿನ ತುದಿ ತಾಗುವಷ್ಟು ಕೆಳಗೆ ತೇಲಿ, ಇಳಿದವು. ಮಕ್ಕಳು ಪಿಸುದನಿಯಲ್ಲಿ ಎಣಿಸಿ ಹನ್ನೊಂದು ಎಂದು ಬರೆದುಕೊಂಡರು. ಕುರಿ ಹೊಡೆದುಕೊಂಡು ಹಟ್ಟಿಗೆ ಮರಳುತ್ತಿದ್ದ ಅದೇ ಅಜ್ಜ ನಿಂತು ಕೇಳಿದರು, “ಎಷ್ಟಾದವು ಮಕ್ಕಳೇ?”

“ಹನ್ನೊಂದು ಅಜ್ಜ.”

“ಹದಿಮೂರು. ಎರಡು ನೀವು ಬರುವ ಮೊದಲೇ ಕುಳಿತಿವೆ, ಆ ಬನ್ನಿಗಿಡದ ಎಡಕ್ಕೆ.”

ಮಕ್ಕಳು ಹನ್ನೊಂದನ್ನು ಹೊಡೆದುಹಾಕಿ ಹದಿಮೂರು ಎಂದು ತಿದ್ದಿದರು.