ಹುಲಿ ನೋಡಲು ಬೇಸಿಗೆಯಲ್ಲಿ ಹೋಗಬಹುದೇ?

ಕಲಬುರಗಿ, ಬೀದರ್ ಕಡೆಯ ಓದುಗರು ಪ್ರತಿವರ್ಷ ಕೇಳುವ ಪ್ರಶ್ನೆ ಇದು: “ಮಕ್ಕಳಿಗೆ ಸೂಟಿ ಇರುವುದು ಮೇ ತಿಂಗಳಲ್ಲಿ. ಆದರೆ ಬಿಸಿಲಿಗೆ ಪ್ರಾಣಿಗಳು ಹೊರಗೇ ಬರುವುದಿಲ್ಲವಂತೆ. ದೀಪಾವಳಿಗೆ ಹೋಗುವುದೇ ಮೇಲಲ್ಲವೇ?”

ಎಷ್ಟು ಸಲ ಬರೆದರೂ ಈ ನಂಬಿಕೆ ಅಲುಗಾಡುತ್ತಿಲ್ಲವಾದ್ದರಿಂದ ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ. ಹುಲಿ ಕಾಣಬೇಕೆಂದರೆ ಬೇಸಿಗೆಯೇ ಸರಿಯಾದ ಕಾಲ.

ನಮ್ಮ ಭಾಗದವರು ಹೆಚ್ಚಾಗಿ ಹೋಗುವ, ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ತಾಡೋಬಾ ಹುಲಿ ಮೀಸಲು ತೇಗ ಮತ್ತು ಬಿದಿರು ತುಂಬಿದ, ಎಲೆ ಉದುರಿಸುವ ಕಾಡು. ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ಅದು ತೆರೆದಾಗ ಹುಲ್ಲು ಎತ್ತರಕ್ಕೆ ಬೆಳೆದಿರುತ್ತದೆ, ಹಳ್ಳಕೊಳ್ಳಗಳಲ್ಲೆಲ್ಲ ನೀರು ನಿಂತಿರುತ್ತದೆ. ಬೇಕಾದಲ್ಲಿ ನೀರು ಕುಡಿಯಬಲ್ಲ ಹುಲಿಗೆ ನಿಮ್ಮ ಜೀಪು ಸಾಗುವ ದಾರಿಗೆ ಬರುವ ಅಗತ್ಯವೇ ಇರುವುದಿಲ್ಲ, ಹತ್ತು ಮಾರು ದೂರದಲ್ಲಿ ಮಲಗಿದ್ದರೂ ಅದು ಕಣ್ಣಿಗೆ ಬೀಳುವುದಿಲ್ಲ. ಏಪ್ರಿಲ್ ಹೊತ್ತಿಗೆ ಎಲೆ ಉದುರಿ, ಹುಲ್ಲು ಒಣಗಿ, ನೀರು ಕೆಲವೇ ಕೆರೆ ಹೊಂಡಗಳಲ್ಲಿ ಉಳಿಯುತ್ತದೆ. ಜಿಂಕೆ, ಕಡವೆ, ಕಾಡೆಮ್ಮೆಗಳು ಅಲ್ಲಿಗೆ ಬರಲೇಬೇಕು. ಅವುಗಳ ಬೆನ್ನಿಗೆ ಹುಲಿ. ಬೆಕ್ಕಿನ ಜಾತಿಯಾದ್ದರಿಂದ ಅದಕ್ಕೆ ನೀರು ಆಗದು ಎಂಬುದೂ ತಪ್ಪು. ಹುಲಿ ಚೆನ್ನಾಗಿ ಈಜುತ್ತದೆ. ಸೆಕೆಯ ಮಧ್ಯಾಹ್ನಗಳಲ್ಲಿ ಹಿಂಗಾಲು ಮೊದಲಿಟ್ಟು ಹೊಂಡಕ್ಕಿಳಿದು, ಕುತ್ತಿಗೆಯವರೆಗೆ ನೀರಿನಲ್ಲಿ ಬಹಳ ಹೊತ್ತು ಕೂಡುತ್ತದೆ. ನಾಗರಹೊಳೆಯ ಕಬಿನಿ ಹಿನ್ನೀರಿನಲ್ಲಿ ಆನೆಗಳ ಹಿಂಡು ನೆರೆಯುವುದೂ ಬೇಸಿಗೆಯಲ್ಲೇ, ಏಕೆಂದರೆ ನೀರು ಇಳಿದ ನೆಲದಲ್ಲಿ ಆಗ ಹೊಸ ಹುಲ್ಲು ಚಿಗುರಿರುತ್ತದೆ. ಚಂದ್ರಾಪುರದ ಬಿಸಿಲು 45 ಡಿಗ್ರಿ ದಾಟುತ್ತದೆ, ನಿಜ. ಕಲಬುರಗಿಯ ಮೇ ತಿಂಗಳನ್ನು ಕಂಡವರು ಅದಕ್ಕೆ ಅಂಜಬೇಕಿಲ್ಲ. ನೀರು, ಟೊಪ್ಪಿಗೆ, ಹತ್ತಿಯ ಬಟ್ಟೆ ಇದ್ದರೆ ಸಾಕು.

ಹೈದರಾಬಾದ್‌ನಿಂದ ರೈಲಿನಲ್ಲಿ ಚಂದ್ರಾಪುರಕ್ಕೆ ಹೋಗಬಹುದು. ಸಫಾರಿಯನ್ನು ಮುಂಗಡವಾಗಿ ಆನ್‌ಲೈನ್‌ನಲ್ಲಿ ಕಾಯ್ದಿರಿಸಿ, ಗುರುತಿನ ಚೀಟಿ ಒಯ್ಯಿರಿ. ಮಂಗಳವಾರ ರಜೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಒಳಕಾಡು ಮುಚ್ಚಿರುತ್ತದೆ.

ಇಷ್ಟು ದೂರದ ಕಾಡನ್ನು ವಿಚಾರಿಸುವವರು ಮನೆಯ ಹತ್ತಿರದ ಚಿಂಚೋಳಿ ವನ್ಯಜೀವಿಧಾಮವನ್ನು ಕೇಳುವುದೇ ಇಲ್ಲ ಎಂಬುದು ನನ್ನ ಕೊರಗು. ಅಲ್ಲಿ ಹುಲಿಯಿಲ್ಲ, ಆದರೆ ದೊಡ್ಡ ಹುಲಿ ಮೀಸಲುಗಳ ಜೀಪಿನಲ್ಲಿ ಅಪರೂಪವಾಗಿ ಕಾಣುವ ತೋಳ ಮತ್ತು ಕತ್ತೆಕಿರುಬ ಅಲ್ಲಿ ಬದುಕಿವೆ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಆ ಕಾಡನ್ನು ನೋಡಲು ಮಾತ್ರ ಮಳೆ ನಿಂತ ಮೇಲೆ ಹೋಗಿ, ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಳಗೆ ಕಾಲಿಡಿ.