ಜೋಳದ ಬ್ರೆಡ್: ಎಸರು ಸರಿಯಿದ್ದರೂ ಗಿರಣಿ ಕೆಡಿಸುತ್ತದೆ

ಗ್ಲುಟೆನ್ ಇಲ್ಲದ ಬ್ರೆಡ್ ಮಾಡಲು ಹೊರಟವರು ಮೊದಲು ಹುಡುಕುವುದು ಆನ್‌ಲೈನಿನಲ್ಲಿ ಸಿಗುವ ದುಬಾರಿ ಪ್ರಿಮಿಕ್ಸ್. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಅದರ ಅಗತ್ಯ ಕಡಿಮೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೂ ಇಲ್ಲಿ ಮುಷ್ಟಿಯಷ್ಟು ಹಿಟ್ಟು ಹರಿಯದೆ ಹಂಚಿನಗಲ ರೊಟ್ಟಿಯಾಗುತ್ತದೆ. ಆ ಕೆಲಸ ಮಾಡುವುದು ಎಸರು, ಅಂದರೆ ಹಿಟ್ಟಿಗೆ ಸುರಿಯುವ ಕುದಿಯುವ ನೀರು. ಬ್ರೆಡ್ಡಿಗೂ ಬುನಾದಿ ಅದೇ.

ಗೋಧಿಯಲ್ಲಿ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ನೀರು ಸೇರಿಸಿ ನಾದಿದಾಗ ಹೆಣೆದುಕೊಂಡು ಎಳೆದರೆ ಹಿಗ್ಗುವ ಬಲೆಯಾಗುತ್ತವೆ. ಆ ಬಲೆಯೇ ಗ್ಲುಟೆನ್. ಯೀಸ್ಟಿನ ಗಾಳಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಜೋಳದ ಪ್ರೋಟೀನು ಕಫಿರಿನ್. ಅದು ನೀರಿಗೆ ಬಿಟ್ಟುಕೊಳ್ಳುವುದಿಲ್ಲ, ಎಷ್ಟು ನಾದಿದರೂ ಬಲೆ ಕಟ್ಟುವುದಿಲ್ಲ. ತಣ್ಣೀರಿನಲ್ಲಿ ಕಲಸಿದ ಹಿಟ್ಟು ಬಡಿಯುವಾಗಲೇ ಅಂಚು ಹರಿಯುವುದು ಇದಕ್ಕೇ. ಹಿಟ್ಟಿಗೆ ಕುದಿಯುವ ನೀರು ಬಿದ್ದಾಗ ಪ್ರೋಟೀನಿನ ಬದಲು ಪಿಷ್ಟ ಕೆಲಸಕ್ಕೆ ಇಳಿಯುತ್ತದೆ. 68ರಿಂದ 78 ಡಿಗ್ರಿಯ ನಡುವೆ ಜೋಳದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ರೊಟ್ಟಿ ಬಡಿಯುವವರು ‘ಹಿಟ್ಟಿನ್ಯಾಗ ಜಿಗಿ ಬಂತು’ ಎನ್ನುವುದು ಈ ಹಂತಕ್ಕೆ.

ರೊಟ್ಟಿಗೆ ಇಷ್ಟು ಸಾಕು. ಬ್ರೆಡ್ಡಿಗೆ ಸಾಲದು. ರೊಟ್ಟಿ ಹಂಚಿನ ಮೇಲೆ ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ, ಬ್ರೆಡ್ಡಿನ ಹಿಟ್ಟು ಮುಕ್ಕಾಲು ಗಂಟೆ ಗಾಳಿ ಹಿಡಿದು ನಿಲ್ಲಬೇಕು. ಅದಕ್ಕೆ ಎಸರಿನ ಜೊತೆಗೆ ಇಸಬ್ಗೋಲ್ ಬೇಕು. ಈ ಬೀಜದ ಸಿಪ್ಪೆ ನೀರಿನಲ್ಲಿ ಗಟ್ಟಿ ಲೋಳೆಯಾಗಿ, ಕಾವಿನಲ್ಲೂ ಬೇಗ ಬಿಡದೆ ಗಾಳಿಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಸಿಪ್ಪೆ ತನ್ನಿ. ಸಕ್ಕರೆ, ಕಿತ್ತಳೆ ಫ್ಲೇವರ್ ಬೆರೆಸಿದ್ದು ನಡೆಯುವುದಿಲ್ಲ. ಬಣ್ಣ ಬಿಳಿಚಿದಷ್ಟೂ ಒಳ್ಳೆಯದು. ಕಂದು ಚೂರು ಹೆಚ್ಚಿರುವ ಮಾಲಿನಿಂದ ಬ್ರೆಡ್ಡಿನ ಒಳಗೆ ನೇರಳೆ ಛಾಯೆ ಬರುತ್ತದೆ. ರುಚಿ ಕೆಡುವುದಿಲ್ಲ, ಆದರೆ ಗಿರಾಕಿ ಹಳಸಿದೆ ಎಂದುಕೊಳ್ಳುತ್ತಾನೆ.

ಜೋಳ ಹಿಂಗಾರಿನ ಬಿಳಿಜೋಳವೇ ಇರಲಿ. ಮಾಲದಂಡಿ ತಳಿ ಆದರೆ ಉತ್ತಮ. ಮುಂಗಾರಿನ ಹೈಬ್ರೀಡ್ ಜೋಳ ತೆನೆಗಟ್ಟುವಾಗ ಮಳೆಗೆ ಸಿಕ್ಕು ಕಪ್ಪಾಗಿದ್ದರೆ ಹಿಟ್ಟಿನಲ್ಲಿ ಬೂಷ್ಟಿನ ವಾಸನೆ ಉಳಿಯುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಬೀಸಿದ ಹಿಟ್ಟು ಒಂದು ವಾರದೊಳಗಿನದಾಗಿರಬೇಕು. ಹಳೆಯ ಹಿಟ್ಟಿನ ರೊಟ್ಟಿ ಹರಿಯುವಂತೆ ಹಳೆಯ ಹಿಟ್ಟಿನ ಬ್ರೆಡ್ಡೂ ಬಿರಿಯುತ್ತದೆ. ಸಜ್ಜೆ ಹಿಟ್ಟಿನಲ್ಲಿ ಎಣ್ಣೆಯಂಶ ಹೆಚ್ಚು, ಬೇಸಿಗೆಯಲ್ಲಿ ಕೆಲವೇ ದಿನಕ್ಕೆ ಕಹಿಯಾಗುತ್ತದೆ. ಬಳಸುವುದಾದರೆ ಬೀಸಿದ ಮರುದಿನವೇ ಬಳಸಿ. ತೊಗರಿ ಕಣಜದಲ್ಲಿ ಕೂತು ತೊಗರಿ ಹಿಟ್ಟು ಹಾಕೋಣ ಎನಿಸುವುದು ಸಹಜ. ಹಸಿ ತೊಗರಿಯ ವಾಸನೆ ಬ್ರೆಡ್ಡಿನಲ್ಲಿ ಎದ್ದು ಬರುತ್ತದೆ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮ ಬೇಳೆ ಸಾರಿಗೇ ಇರಲಿ.

ಇನ್ನು ಅಳತೆ. 8 ಇಂಚು ಉದ್ದ, 4 ಇಂಚು ಅಗಲ, ಎರಡೂವರೆ ಇಂಚು ಆಳದ ಒಂದು ಟಿನ್ನಿಗೆ ಜೋಳದ ಹಿಟ್ಟು 150 ಗ್ರಾಂ, ನುಣ್ಣನೆಯ ಅಕ್ಕಿ ಹಿಟ್ಟು 75 ಗ್ರಾಂ, ಮರಗೆಣಸಿನ ಪಿಷ್ಟ 75 ಗ್ರಾಂ. ಪಿಷ್ಟ ಸಿಗದಿದ್ದರೆ ಸಾಬೂದಾಣಿಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಸಾಣಿಸಿಕೊಳ್ಳಿ. ಸಾಬೂದಾಣಿ ತಯಾರಾಗುವಾಗಲೇ ಅರೆಬೆಂದಿರುವುದರಿಂದ 10–15 ಗ್ರಾಂ ನೀರು ಹೆಚ್ಚು ಕೇಳುತ್ತದೆ. ಇಸಬ್ಗೋಲ್ 15 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5, ಉಪ್ಪು 5, ಸಕ್ಕರೆ 12, ಎಣ್ಣೆ 20, ವಿನೆಗರ್ 5 ಗ್ರಾಂ. ನೀರು ಒಟ್ಟು 315 ಗ್ರಾಂ. ಹಿಟ್ಟಿಗಿಂತ ನೀರು ಹೆಚ್ಚಾಯಿತಲ್ಲ ಎಂದು ಕಡಿಮೆ ಮಾಡಬೇಡಿ. ಗೋಧಿ ಹಿಟ್ಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಪ್ಪು-ಚಮಚದ ಅಳತೆಯನ್ನೂ ಬಿಡಿ. ಇಸಬ್ಗೋಲ್ 3 ಗ್ರಾಂ ಆಚೀಚೆಯಾದರೂ ಬ್ರೆಡ್ಡು ಬೇರೆಯೇ ಆಗುತ್ತದೆ. ಅಡುಗೆಯ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಜೋಳದ ಹಿಟ್ಟಿನಲ್ಲಿ 60 ಗ್ರಾಂ ತೆಗೆದು ದಪ್ಪ ತಳದ ಪಾತ್ರೆಗೆ ಹಾಕಿ, ಅದರ ಮೇಲೆ 150 ಗ್ರಾಂ ಎಸರು ಒಮ್ಮೆಲೇ ಸುರಿದು ಸೌಟಿನ ಹಿಡಿಯಿಂದ ಜೋರಾಗಿ ತಿರುವಿ. ಎಸರು ಬುಳುಬುಳು ಕುದಿಯುತ್ತಿರಬೇಕು. ಕೆಳಗಿಳಿಸಿ ಎರಡು ನಿಮಿಷ ಬಿಟ್ಟರೆ ಪಿಷ್ಟ ಅರ್ಧ ಮಾತ್ರ ಉಬ್ಬುತ್ತದೆ. ಸರಿಯಾಗಿ ಕೂಡಿದರೆ ಹಿಟ್ಟಿನ ಮಂಕು ಬಿಳುಪು ಹೋಗಿ ಮೈಮೇಲೆ ಮಿನುಗು ಬರುತ್ತದೆ, ಸೌಟು ಎತ್ತಿದರೆ ಗಟ್ಟಿಯಾಗಿ ಜೋತು ಬೀಳುತ್ತದೆ. ಮುಚ್ಚಿಟ್ಟು ಬೆರಳಿಗೆ ಉಗುರುಬೆಚ್ಚಗೆ ಹತ್ತುವಷ್ಟು ಆರಿಸಿ. ಬಿಸಿ ಇದ್ದಾಗಲೇ ಯೀಸ್ಟ್ ಸೇರಿಸಿದರೆ ಯೀಸ್ಟ್ ಸಾಯುತ್ತದೆ, ಆಮೇಲೆ ಎಷ್ಟು ಹೊತ್ತು ಕಾದರೂ ಹಿಟ್ಟು ಏಳುವುದಿಲ್ಲ. ಇತ್ತ 165 ಗ್ರಾಂ ಸಾದಾ ನೀರನ್ನು ಕಲಕುತ್ತಾ ಇಸಬ್ಗೋಲ್ ಉದುರಿಸಿ, ಹತ್ತು ನಿಮಿಷ ಬಿಡಿ. ಇಸಬ್ಗೋಲಿನ ಮೇಲೆ ನೀರು ಸುರಿದರೆ ಗಂಟಾಗುತ್ತದೆ, ಆ ಗಂಟುಗಳು ಬ್ರೆಡ್ಡಿನಲ್ಲಿ ಪಾರದರ್ಶಕ ಲೋಳೆಯಾಗಿ ಉಳಿಯುತ್ತವೆ.

ಉಳಿದ ಹಿಟ್ಟು, ಯೀಸ್ಟ್, ಉಪ್ಪು, ಸಕ್ಕರೆ ಒಣಗಿರುವಾಗಲೇ ಬೆರೆಸಿ. ಅದಕ್ಕೆ ಎಸರಿನ ಹಿಟ್ಟು, ಇಸಬ್ಗೋಲ್ ಲೋಳೆ, ಎಣ್ಣೆ, ವಿನೆಗರ್ ಹಾಕಿ ಐದು ನಿಮಿಷ ಕಲಸಿ. ಇದು ಗ್ಲುಟೆನ್ ಎಬ್ಬಿಸಲು ನಾದುವುದಲ್ಲ, ಎಲ್ಲ ಕಡೆ ಸಮನಾಗಿ ಬೆರೆತರೆ ಸಾಕು. ಹಿಟ್ಟು ರೊಟ್ಟಿ ಹಿಟ್ಟಿಗಿಂತ ಸಡಿಲ, ವಡೆ ಹಿಟ್ಟಿಗಿಂತ ಗಟ್ಟಿ ಇರುತ್ತದೆ. ಎಣ್ಣೆ ಸವರಿದ ಟಿನ್ನಿನಲ್ಲಿ ಒತ್ತಿ, ಮೂಲೆಗಳಲ್ಲಿ ಗಾಳಿ ಉಳಿಯದಂತೆ ನೋಡಿ, ಒದ್ದೆ ಕೈಯಿಂದ ಮೇಲ್ಮೈ ಸವರಿ. ಅರ್ಧ ಟಿನ್ನು ತುಂಬುತ್ತದೆ.

ಹಿಟ್ಟು ಏಳುವುದು ಒಂದೇ ಸಲ. ಮೈದಾ ಬ್ರೆಡ್ಡಿನಂತೆ ಎದ್ದದ್ದನ್ನು ಗುದ್ದಿ ಮತ್ತೆ ಏಳಿಸಲು ಹೋದರೆ, ಹೋದ ಗಾಳಿ ವಾಪಸ್ ಬರುವುದಿಲ್ಲ. 30 ಡಿಗ್ರಿಯಲ್ಲಿ 40 ನಿಮಿಷ ಬೇಕು. ಕಲಬುರಗಿಯ ಏಪ್ರಿಲ್-ಮೇ ತಿಂಗಳಲ್ಲಿ, ಹೊರಗೆ 42 ಡಿಗ್ರಿ ಇರುವಾಗ, 20 ನಿಮಿಷಕ್ಕೇ ಎದ್ದುಬಿಡುತ್ತದೆ. ಆ ದಿನಗಳಲ್ಲಿ ಇಸಬ್ಗೋಲಿಗೆ ಮಡಕೆಯ ನೀರು ಬಳಸಿ, ಓವನ್ನು ಮೊದಲೇ ಹಚ್ಚಿಡಿ. ಟಿನ್ನಿನ ಅಂಚಿಗೆ ಅರ್ಧ ಇಂಚು ಕಡಿಮೆ ಇರುವಾಗಲೇ ಒಳಗಿಡಬೇಕು. ಅಂಚು ದಾಟಲಿ ಎಂದು ಕಾದರೆ ಓವನ್ನಿನಲ್ಲಿ ನೆತ್ತಿ ಕುಸಿಯುತ್ತದೆ.

220 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 190ಕ್ಕೆ ಇಳಿಸಿ 35–40 ನಿಮಿಷ. ಮೊದಲ 15 ನಿಮಿಷ ಕೆಳಗಿನ ತಟ್ಟೆಯಲ್ಲಿ ಬಿಸಿನೀರು ಇರಲಿ. ಮನೆಯ ಓಟಿಜಿಯ (ಸಣ್ಣ ವಿದ್ಯುತ್ ಓವನ್ನಿನ) ಗುಂಡಿ ತೋರಿಸುವ ತಾಪ ಮತ್ತು ಒಳಗಿನ ತಾಪಕ್ಕೆ ಎಷ್ಟೋ ಸಲ 20 ಡಿಗ್ರಿ ವ್ಯತ್ಯಾಸ ಇರುತ್ತದೆ, ಒಳಗೆ ನೇತುಹಾಕುವ ಥರ್ಮಾಮೀಟರ್ ಕೊಂಡರೆ ಹಣ ದಂಡವಲ್ಲ. ಬ್ರೆಡ್ಡಿನ ನಡುವೆ ಚುಚ್ಚುವ ಥರ್ಮಾಮೀಟರ್ ಇಟ್ಟು ನೋಡಿದರೆ 96 ಡಿಗ್ರಿ ಇರಬೇಕು. ಪುಸ್ತಕಗಳಲ್ಲಿ 98, 99 ಎಂದಿರುವುದನ್ನು ಬೀದರಿನವರು ಬೆನ್ನುಹತ್ತಬಾರದು. ಆ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರೇ 98 ಡಿಗ್ರಿಯೊಳಗೆ ಕುದಿಯುತ್ತದೆ. ಕಾಯುತ್ತ ಕೂತರೆ ಹೊರಪದರ ಹಂಚಿನಂತಾಗುತ್ತದೆ.

ಹೊರತೆಗೆದ ಕೂಡಲೇ ಟಿನ್ನಿನಿಂದ ಬಿಡಿಸಿ ಜಾಲರಿಯ ಮೇಲಿಡಿ. ಮೂರು ಗಂಟೆ ಚಾಕು ಮುಟ್ಟಿಸಬೇಡಿ. ‘ಒಳಗ ಹಸಿ ಉಳೀತ್ರಿ’ ಎಂಬ ದೂರುಗಳಲ್ಲಿ ಹೆಚ್ಚಿನವು ಬಿಸಿಯಲ್ಲಿ ಕೊಯ್ದದ್ದರಿಂದ ಬರುವಂಥವು. ಆರುವಾಗಲೇ ಪಿಷ್ಟ ಗಟ್ಟಿಯಾಗುವುದು. ಆರಿದ ಮೇಲೂ ಅಂಟಾಗಿದ್ದರೆ ಬೇಯುವುದು ಕಡಿಮೆಯಾಗಿದೆ, ಇಲ್ಲವೇ ಮರಗೆಣಸಿನ ಪಿಷ್ಟ ಹೆಚ್ಚಾಗಿದೆ. ಮೇಲ್ಪದರ ಮತ್ತು ಒಳಗಿನ ತಿರುಳಿನ ನಡುವೆ ಪೊಳ್ಳು ಬಿದ್ದರೆ ಹಿಟ್ಟು ಅತಿಯಾಗಿ ಎದ್ದಿತ್ತು ಎಂದರ್ಥ. ಮರಳು ಮರಳು ಎನಿಸಿದರೆ ಅಕ್ಕಿ ಹಿಟ್ಟು ತರಿಯಾಗಿದೆ. ಮರುದಿನ ಪುಡಿಪುಡಿಯಾದರೆ ಫ್ರಿಜ್ಜಿನಲ್ಲಿಟ್ಟಿದ್ದೀರಿ. 4 ಡಿಗ್ರಿಯ ಆಸುಪಾಸಿನಲ್ಲೇ ಪಿಷ್ಟ ಅತಿ ಬೇಗ ಬಿರುಸಾಗುವುದು. ಒಂದು ದಿನಕ್ಕೆ ಹೊರಗೆ, ಅದಕ್ಕಿಂತ ಹೆಚ್ಚಿಗೆ ಹೋಳು ಮಾಡಿ ಫ್ರೀಜರಿನಲ್ಲಿಡಿ. ಬೇಕಾದಾಗ ತೆಗೆದು ನೇರವಾಗಿ ತವಾದ ಮೇಲೆ ಬಿಸಿ ಮಾಡಿ.

ಬೇಕರಿಯವರಿಗೆ ಇದೇ ಲೆಕ್ಕ: ಹಿಟ್ಟು 5 ಕಿಲೋ ಇದ್ದರೆ ಅದರಲ್ಲಿ 1 ಕಿಲೋ ಎಸರಿಗೆ, ಇಸಬ್ಗೋಲ್ 250 ಗ್ರಾಂ, ಒಟ್ಟು ನೀರು 5.25 ಲೀಟರ್, ಯೀಸ್ಟ್ 80 ಗ್ರಾಂ. ಮಿಕ್ಸರಿಗೆ ಹುಕ್ ಬೇಡ, ಚಪ್ಪಟೆ ಬೀಟರ್ ಹಾಕಿ.

ಕೇಕು, ಬಿಸ್ಕತ್ತು ಸುಲಭ, ಅಲ್ಲಿ ಗ್ಲುಟೆನ್ ಹೆಚ್ಚಾದರೇ ತೊಂದರೆ. ನಾನ್‌ಖಟಾಯಿಗೆ ಜೋಳದ ಹಿಟ್ಟು 120, ಕಡಲೆ ಹಿಟ್ಟು 50, ಅಕ್ಕಿ ಹಿಟ್ಟು 30, ಪುಡಿ ಸಕ್ಕರೆ 90, ತುಪ್ಪ 110 ಗ್ರಾಂ, ಚಿಟಿಕೆ ಉಪ್ಪು, ಏಲಕ್ಕಿ. 160 ಡಿಗ್ರಿಯಲ್ಲಿ 18–20 ನಿಮಿಷ. ಬೇಸಿಗೆಯಲ್ಲಿ ಉಂಡೆಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡದಿದ್ದರೆ ತಟ್ಟೆಯ ಮೇಲೆ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಿಸಿ ಇದ್ದಾಗ ಮುಟ್ಟಿದರೆ ಮುರಿಯುತ್ತವೆ, ತಟ್ಟೆಯಲ್ಲೇ ಆರಲಿ. ಕೇಕಿನ ಹಿಟ್ಟನ್ನು ಕಲಸಿದ ಮೇಲೆ 20 ನಿಮಿಷ ನೆನೆಯಲು ಬಿಡಿ, ಬೇಕಿಂಗ್ ಪೌಡರನ್ನು ಕೊನೆಗೆ ಹಾಕಿ. ಸೋಡಾ ಹೆಚ್ಚಾದರೆ ಜೋಳದ ಕೇಕು ಕಪ್ಪಿಡುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಬ್ರೆಡ್ಡು ಸೀಲಿಯಾಕ್ ರೋಗಿಗೆ, ಅಂದರೆ ಗ್ಲುಟೆನ್ ತಿಂದರೆ ಸಣ್ಣ ಕರುಳು ಕೆಡುವ ಕಾಯಿಲೆ ಇದ್ದವರಿಗೆ, ವಿಷವಾಗಬಹುದು. ಕಾರಣ ಗಿರಣಿ.

‘ಗ್ಲುಟೆನ್ ಫ್ರೀ’ ಎಂದು ಬರೆಯಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸಿನಲ್ಲೂ ಅಷ್ಟೇ. ಮೈದಾದಲ್ಲಿ ನೂರಕ್ಕೆ ಹತ್ತು ಪಾಲು ಗ್ಲುಟೆನ್ ಎಂದು ಹಿಡಿದರೆ, ಒಂದು ಕಿಲೋ ಜೋಳದ ಹಿಟ್ಟಿಗೆ 200 ಮಿಲಿಗ್ರಾಂ ಮೈದಾ ಬಿದ್ದರೂ ಮಿತಿ ಮುಟ್ಟಿತು. ಹತ್ತು ಕಿಲೋಗೆ 2 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ. ಗೋಧಿ ಬೀಸಿದ ಗಿರಣಿಯ ಕಲ್ಲು, ಹಿಟ್ಟು ಇಳಿಯುವ ಬಾಯಿ, ಅದಕ್ಕೆ ಕಟ್ಟಿದ ಬಟ್ಟೆಯ ಚೀಲ, ಎಲ್ಲೆಡೆ ಇದಕ್ಕಿಂತ ಎಷ್ಟೋ ಪಟ್ಟು ಹಿಟ್ಟು ಕೂತಿರುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬೀಸಿಸಿದರೆ ಸಾಕು ಎಂಬ ನಂಬಿಕೆ ಇದೆ. ನಿನ್ನೆಯ ಗೋಧಿ ಅಲ್ಲೇ ಇರುತ್ತದೆ, ಮೊದಲು ಹೋದವರ ಹಿಟ್ಟಿಗೇ ಅದು ಹೆಚ್ಚು ಸೇರುತ್ತದೆ. ಮನೆಗೆ, ಬೇಕರಿಗೆ ಸ್ವಂತದ ಸಣ್ಣ ಗಿರಣಿ ಇಟ್ಟುಕೊಂಡು ಅದಕ್ಕೆ ಗೋಧಿ ಹಾಕದಿರುವುದೇ ದಾರಿ. ಅಕ್ಕಿ, ಕಡಲೆಯನ್ನೂ ಅದರಲ್ಲೇ ಬೀಸಿ.

ಕಾಳಿನ ಹಂತದಲ್ಲೂ ಎಚ್ಚರ ಬೇಕು. ನಮ್ಮಲ್ಲಿ ಬಿಳಿಜೋಳ, ಗೋಧಿ ಎರಡೂ ಹಿಂಗಾರಿನವು. ರಾಶಿ ಮಾಡುವ ಯಂತ್ರ, ಗೋಣಿಚೀಲ, ಅಡತಿಯ ನೆಲ ಒಂದೇ ಆಗಿರುವುದು ಸಾಮಾನ್ಯ. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ಗ್ಲುಟೆನ್ ಸುಮಾರು 4 ಮಿಲಿಗ್ರಾಂ. ಕಿಲೋ ಜೋಳದಲ್ಲಿ ಐದು ಗೋಧಿ ಕಾಳು ಉಳಿದರೆ ಮಿತಿಗೆ ಬಂದಿರಿ. ಮೊರದಲ್ಲಿ ಹರಡಿದರೆ ದುಂಡನೆಯ ಜೋಳದ ನಡುವೆ ಉದ್ದ ಗೋಧಿ ಕಣ್ಣಿಗೆ ಬೀಳುತ್ತದೆ. ಆರಿಸಿ, ತೊಳೆದು, ಒಣಗಿಸಿ ಬೀಸಿ. ಖಪ್ಲಿ ಗೋಧಿ ಹಳೆಯ ತಳಿ, ಅದು ನಡೆಯುತ್ತದೆ ಎಂಬ ಮಾತು ಸುಳ್ಳು, ಅದರಲ್ಲೂ ಗ್ಲುಟೆನ್ ಇದೆ. ಬಾರ್ಲಿಯೂ ಸೀಲಿಯಾಕ್ ಇದ್ದವರಿಗೆ ಆಗದು. ಖಾರದ ಬಿಸ್ಕತ್ತಿಗೆ ಹಾಕುವ ಇಂಗಿನ ಡಬ್ಬಿಯ ಮೇಲೆ ಓದಿ ನೋಡಿ, ಬಹಳಷ್ಟು ಬೆರಕೆ ಇಂಗಿನಲ್ಲಿ ಗೋಧಿ ಹಿಟ್ಟು ಇರುತ್ತದೆ.

ಗಿರಾಕಿಗಳಲ್ಲಿ ಎರಡು ಬಗೆ. ಹೊಟ್ಟೆ ಹಗುರ ಇರಲಿ ಎಂದು ಮೈದಾ ಬಿಟ್ಟವರು ಒಂದು. ಸೀಲಿಯಾಕ್ ಇದ್ದವರು ಇನ್ನೊಂದು. ಮೊದಲನೆಯವರಿಗೆ ಯಾವ ಬೇಕರಿಯೂ ಜೋಳದ ಬ್ರೆಡ್ ಮಾರಬಹುದು. ಎರಡನೆಯವರಿಗೆ ಮಾರಲು ಮೈದಾ ಬೇಕರಿಯ ಒಂದು ಮೂಲೆ ಸಾಲದು. ಮೈದಾ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಫ್ಯಾನ್ ಇರುವ ಓವನ್ ಅದನ್ನು ಒಳಗೂ ತಿರುಗಿಸುತ್ತದೆ, ಕಸಬರಿಗೆ ಕೂತ ಧೂಳನ್ನು ಎಬ್ಬಿಸುತ್ತದೆ. ಮರದ ಹಲಗೆ, ಲಟ್ಟಣಿಗೆ, ಸಾಣಿಗೆಗಳನ್ನು ಎಷ್ಟು ತೊಳೆದರೂ ಸಂದಿನಲ್ಲಿ ಹಿಟ್ಟು ಉಳಿಯುತ್ತದೆ. ಬೇರೆ ಕೋಣೆ, ಬೇರೆ ಪಾತ್ರೆ, ಬೇರೆ ಓವನ್ ಇಲ್ಲದಿದ್ದರೆ ‘ಜೋಳದ ಬ್ರೆಡ್, ಗೋಧಿ, ಮೈದಾ ಬಳಸುವ ಬೇಕರಿಯಲ್ಲಿ ತಯಾರಾದದ್ದು’ ಎಂದು ಬರೆಯಿರಿ. ‘ಗ್ಲುಟೆನ್ ಫ್ರೀ’ ಎಂದು ಬರೆಯಬೇಡಿ. ಹೊಟ್ಟೆಯ ತೊಂದರೆಗೆಂದು ಕೇಳಿ ಬರುವವರಿಗೆ ಇನ್ನೊಂದು ಮಾತು ಹೇಳಿ: ರಕ್ತಪರೀಕ್ಷೆ ಆಗುವ ಮೊದಲೇ ಗೋಧಿ ಬಿಟ್ಟರೆ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ ಬೇರೆ. ಮೈದಾ ಬೇಕರಿಯೊಳಗೆ ಜೋಳ ತರುವ ಬದಲು ರೊಟ್ಟಿ ಕೇಂದ್ರದೊಳಗೆ ಓವನ್ ತನ್ನಿ. ಕಲಬುರಗಿ ಜಿಲ್ಲೆಯಲ್ಲಿ ರೊಟ್ಟಿ ಬಡಿದು ಮಾರುವ ಮಹಿಳಾ ಸಂಘಗಳಿಗೆ ಬರವಿಲ್ಲ, ಎಸರಿನ ಹದ ಅವರ ಕೈಯಲ್ಲೇ ಇದೆ. ಅಲ್ಲಿ ಚಪಾತಿ, ಹೋಳಿಗೆ ಮಾಡುವುದಿಲ್ಲವೇ, ರೊಟ್ಟಿ ಹರಿಯದಿರಲಿ ಎಂದು ಗೋಧಿ ಹಿಟ್ಟು ಬೆರೆಸುವುದಿಲ್ಲವೇ, ಇವೆರಡನ್ನು ಮೊದಲು ಕೇಳಿ. ಉತ್ತರ ಸರಿಬಂದರೆ ಸ್ವಂತ ಗಿರಣಿ, ಓವನ್, ತಕ್ಕಡಿ ಇಷ್ಟೇ ಖರ್ಚು. ಮಾರುವ ಮುನ್ನ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹಿಟ್ಟು ಮತ್ತು ಬ್ರೆಡ್ ಎರಡನ್ನೂ ಕಳಿಸಿ ಗ್ಲುಟೆನ್ ಅಳೆಯುವ ಎಲೈಸಾ ಪರೀಕ್ಷೆ ಮಾಡಿಸಿ. ಕಾಳಿನ ಚೀಲ ಬದಲಾದಾಗಲೆಲ್ಲ ಮತ್ತೆ ಮಾಡಿಸಿ. ಪ್ರತಿ ಬಾರಿ ಬೀಸಿದ ಹಿಟ್ಟಿನಲ್ಲಿ 100 ಗ್ರಾಂ ತೆಗೆದು, ತಾರೀಖು ಬರೆದ ಚೀಲದಲ್ಲಿ ಮೊಹರು ಮಾಡಿ ಫ್ರೀಜರಿನಲ್ಲಿಡಿ. ಯಾರಾದರೂ ಬ್ರೆಡ್ ತಿಂದು ತೊಂದರೆಯಾಯಿತು ಎಂದು ಬಂದಾಗ ತಪ್ಪು ಕಾಳಿನದೋ, ಅಡುಗೆಮನೆಯದೋ ಎಂದು ಪತ್ತೆಹಚ್ಚಲು ಆ ಚೀಲ ಬೇಕಾಗುತ್ತದೆ.