ನಡೆಯಲಾಗದವರು ಮೆರವಣಿಗೆಯಲ್ಲಿ ಪಾಲ್ಗೊಳ್ಳುವುದು ಹೇಗೆ?

ಪ್ರಶ್ನೆ: ನಾವೊಂದು ಪ್ರತಿಭಟನಾ ಮೆರವಣಿಗೆ ಏರ್ಪಡಿಸುತ್ತಿದ್ದೇವೆ. ಗಾಲಿಕುರ್ಚಿ ಬಳಸುವವರು, ಕಣ್ಣು ಕಾಣದವರು, ಕಿವಿ ಕೇಳದವರು ಕೆಲವರು ತಾವೂ ಬರುತ್ತೇವೆ ಎನ್ನುತ್ತಿದ್ದಾರೆ. ಜನಜಂಗುಳಿಯಲ್ಲಿ ಅವರಿಗೆ ತೊಂದರೆಯಾಗಬಹುದಲ್ಲವೇ? ನೇರವಾಗಿ ಕೊನೆಯ ಸಭೆಗೆ ಬಂದರೆ ಸಾಲದೇ?

ಉತ್ತರ: ಸಭೆಗೆ ಮಾತ್ರ ಬರುತ್ತೇವೆಂದು ಅವರೇ ಹೇಳಿದರೆ ಅದು ಬೇರೆ ಮಾತು. ಆ ತೀರ್ಮಾನವನ್ನು ಅವರ ಪರವಾಗಿ ಸಂಘಟಕರು ತೆಗೆದುಕೊಳ್ಳುವಂತಿಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು, ದೇಹದ ಅಥವಾ ಮನಸ್ಸಿನ ಊನವೂ ಸುತ್ತಲಿನ ಅಡೆತಡೆಗಳೂ ಎದುರುಬದುರಾದಾಗ ಅಂಗವೈಕಲ್ಯ ಉಂಟಾಗುತ್ತದೆ ಎಂದು ಪೀಠಿಕೆಯಲ್ಲಿಯೇ ಹೇಳುತ್ತದೆ. ಸಾರ್ವಜನಿಕ ಬದುಕಿನಲ್ಲಿ ಎಲ್ಲರಿಗೂ ಸಮನಾಗಿ ಪಾಲ್ಗೊಳ್ಳುವ ಹಕ್ಕು ಅದರ 29ನೇ ವಿಧಿಯಲ್ಲಿದೆ. ಮೆರವಣಿಗೆಯ ಅಡೆತಡೆಗಳಲ್ಲಿ ಹೆಚ್ಚಿನವು ಸಂಘಟಕರ ಕೈಯಲ್ಲೇ ಇರುವಂಥವು. ಎಲ್ಲಕ್ಕಿಂತ ದೊಡ್ಡದು ವೇಗ.

ಉದ್ದನೆಯ ಮೆರವಣಿಗೆಯಲ್ಲಿ ಮುಂದಿನವರು ಒಂದು ತಿರುವಿನಲ್ಲಿ ಚುರುಕಾಗಿ ಹೆಜ್ಜೆ ಹಾಕಿದರೆ ಹಿಂದೆ ಅಂತರ ಬೀಳುತ್ತದೆ, ಆ ಅಂತರವನ್ನು ತುಂಬಲು ನಡುವಿನವರು ಬಿರಬಿರನೆ ನಡೆಯುತ್ತಾರೆ, ಬಾಲದಲ್ಲಿರುವವರಂತೂ ಕೆಲ ಹೊತ್ತು ನಿಂತು ಕೆಲ ಹೊತ್ತು ಓಡಬೇಕಾಗುತ್ತದೆ. ಊರುಗೋಲಿನವರನ್ನೂ ಗಾಲಿಕುರ್ಚಿಯವರನ್ನೂ "ನಿಧಾನವಾಗಿ ಬನ್ನಿ" ಎಂದು ಹಿಂದಕ್ಕೆ ಬಿಟ್ಟರೆ ಆ ಓಟ ಅವರ ಪಾಲಿಗೇ ಬರುತ್ತದೆ. ಆದ್ದರಿಂದ ಅತ್ಯಂತ ನಿಧಾನವಾಗಿ ಸಾಗುವವರು ಮುಂದಿರಲಿ, ಅವರ ಹೆಜ್ಜೆಗೆ ಉಳಿದವರು ಹೆಜ್ಜೆ ಹೊಂದಿಸಲಿ ಎಂಬುದು ನನ್ನ ದೃಢವಾದ ಸಲಹೆ. ಆದರೆ ಪೊಲೀಸರೊಂದಿಗೆ ತಳ್ಳಾಟ ಆರಂಭವಾಗುವುದೂ ಸಾಮಾನ್ಯವಾಗಿ ಮುಂಭಾಗದಲ್ಲೇ. ಹಾಗಾಗಿ ಮುಂದೆ ನಿಲ್ಲಲು ಅವರಿಗೆ ಒಪ್ಪಿಗೆಯೇ ಎಂದು ಮೊದಲು ಕೇಳಬೇಕು. ಅಗತ್ಯ ಬಿದ್ದರೆ ಸರಿದುಹೋಗಲು ಮೆಟ್ಟಿಲುಗಳಿಲ್ಲದ ಪಕ್ಕದ ದಾರಿಗಳನ್ನು ಗುರುತಿಸಿ ಎಲ್ಲ ಸ್ವಯಂಸೇವಕರಿಗೂ ತಿಳಿಸಿರಬೇಕು. ಎರಡೂ ಬದಿ ಬ್ಯಾರಿಕೇಡ್ ಬಿದ್ದ ಮೇಲೆ ಗಾಲಿಕುರ್ಚಿಯನ್ನು ಹಿಂದಕ್ಕೆ ತಿರುಗಿಸುವಷ್ಟು ಜಾಗವೂ ಸಿಗುವುದಿಲ್ಲ.

ಕುರ್ಚಿಯಲ್ಲಿ ಕುಳಿತವರ ಕಣ್ಣಿನ ಎತ್ತರಕ್ಕೆ ಬಗ್ಗಿ ಒಮ್ಮೆ ಜನಸಂದಣಿಯನ್ನು ನೋಡಿ. ಅಲ್ಲಿ ಕಾಣುವುದು ಬೆನ್ನುಗಳು, ಮೊಣಕೈಗಳು, ಮುಖಕ್ಕೆ ತಾಗುವ ಕೈಚೀಲಗಳು. ನೆಲ ಕಾಣುವುದೇ ಇಲ್ಲ. ಚರಂಡಿಯ ಜಾಲರಿಯ ಸಂದಿಗೆ ಮುಂದಿನ ಪುಟ್ಟ ಗಾಲಿ ಸಿಕ್ಕಿಕೊಂಡರೆ ಕುರ್ಚಿ ಥಟ್ಟನೆ ನಿಂತು, ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಒಬ್ಬ ಸ್ವಯಂಸೇವಕರು ಎರಡು ಮಾರು ಮುಂದೆ ನಡೆಯುತ್ತ ನೆಲವನ್ನು ನೋಡಿ ಹೇಳುತ್ತಿದ್ದರೆ ಇದನ್ನು ತಪ್ಪಿಸಬಹುದು. ಕೇಳದೆ ಕುರ್ಚಿಯನ್ನು ತಳ್ಳಬಾರದು. ಕಣ್ಣು ಕಾಣದವರ ಕೈ ಹಿಡಿದು ಎಳೆಯುವ ಬದಲು ನಿಮ್ಮ ಮೊಣಕೈಯನ್ನು ಅವರಿಗೆ ಹಿಡಿಯಲು ಕೊಡಿ.

ಕಿವಿ ಕೇಳದವರಿಗೆ ಸಂಜ್ಞಾ ಭಾಷೆಯ ದುಭಾಷಿ ಬೇಕು. ದುಭಾಷಿ ನಿಲ್ಲುವ ಜಾಗ ಬೆಳಕಿನಲ್ಲಿರಬೇಕು, ಫಲಕಗಳು ಅವರ ಕೈಗಳನ್ನು ಮರೆಮಾಡಬಾರದು. ಘೋಷಣೆಗಳನ್ನು ಮೊದಲೇ ಬರೆದು ಹಂಚಿದರೆ ಇನ್ನೂ ಒಳ್ಳೆಯದು.

ಅಂಗವಿಕಲರು ಪ್ರತಿಭಟನೆಗೆ ಹೊಸಬರೇನಲ್ಲ. ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲರಿಗೆ ತಾರತಮ್ಯ ಮಾಡಬಾರದೆಂದು ಅಮೆರಿಕದಲ್ಲಿ 1973ರಲ್ಲೇ ಕಾನೂನಾಗಿದ್ದರೂ ಅದರ ನಿಯಮಗಳು ವರ್ಷಗಟ್ಟಲೆ ಹೊರಬೀಳಲಿಲ್ಲ. 1977ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಮಂದಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡವೊಂದರೊಳಗೆ ಧರಣಿ ಕುಳಿತು ಮೂರು ವಾರಗಳಿಗೂ ಮೀರಿ ಅಲ್ಲಿಂದ ಕದಲಲಿಲ್ಲ. ದೂರವಾಣಿ ಸಂಪರ್ಕ ಕಡಿತಗೊಂಡಾಗ ಒಳಗಿದ್ದ ಕಿವುಡ ಪ್ರತಿಭಟನಕಾರರು ಕಿಟಕಿಯಲ್ಲಿ ನಿಂತು ಹೊರಗಿನವರಿಗೆ ಕೈಸನ್ನೆಯಿಂದಲೇ ಸುದ್ದಿ ಮುಟ್ಟಿಸಿದರು. ಏಪ್ರಿಲ್ 28ರಂದು ನಿಯಮಗಳಿಗೆ ಸಹಿ ಬಿತ್ತು. ಈ ಕಿಟಕಿಯ ಸಂಗತಿಯನ್ನು ಬೇಕೆಂದೇ ಹೇಳುತ್ತಿದ್ದೇನೆ: ಇವರಿಗೆ ನಾವೇನು ಸಹಾಯ ಮಾಡಬಹುದು ಎಂದು ಕೇಳುವ ಎಷ್ಟೋ ಸಂಘಟಕರು, ಇವರಿಂದ ಹೋರಾಟಕ್ಕೆ ಏನು ಒದಗೀತು ಎಂದು ಕೇಳುವುದನ್ನು ಮರೆಯುತ್ತಾರೆ.

ಕರಪತ್ರದಲ್ಲಿ ದಿನ, ಸಮಯ, ಬೇಡಿಕೆಗಳಿದ್ದರೂ ದಾರಿಯ ಉದ್ದ, ಏರು, ಎಲ್ಲಿ ಕೂರಬಹುದು, ಶೌಚಾಲಯ ಎಲ್ಲಿದೆ ಎಂಬ ವಿವರ ಇರುವುದು ಅಪರೂಪ. ಶೌಚಾಲಯದ ಖಾತ್ರಿಯಿಲ್ಲದೆ ಬೆಳಗಿನಿಂದ ನೀರೇ ಕುಡಿಯದೆ ಬಿಸಿಲಿಗೆ ಬರುವವರಿದ್ದಾರೆ. ಅರ್ಧ ದಾರಿಯಲ್ಲಿ ಸೇರಿಕೊಳ್ಳಲು ಒಂದು ಜಾಗ, ದಣಿದವರನ್ನು ಕರೆದೊಯ್ಯಲು ಒಂದು ವಾಹನ, ಗದ್ದಲ ತಡೆಯಲಾಗದವರಿಗೆ ತುಸು ದೂರದಲ್ಲೊಂದು ನೆರಳು ಇವೆಯೆಂದು ಮೊದಲೇ ತಿಳಿಸಿದರೆ, ಬರಬಹುದೇ ಬೇಡವೇ ಎಂಬುದನ್ನು ಅವರೇ ನಿರ್ಧರಿಸಿಕೊಳ್ಳುತ್ತಾರೆ.

ಆದ್ದರಿಂದ ಕರಪತ್ರವನ್ನು ಅಚ್ಚಿಗೆ ಕೊಡುವ ಮೊದಲು, ನಿಮ್ಮನ್ನು ಕೇಳಿದ ಆ ಕೆಲವರನ್ನೇ ಕರೆದುಕೊಂಡು ಇಡೀ ದಾರಿಯನ್ನು ಒಮ್ಮೆ ಕ್ರಮಿಸಿ ನೋಡಿ. ಎಲ್ಲಿಯಾದರೂ ಮೆಟ್ಟಿಲು ಅಡ್ಡ ಬಂದರೆ, ದಾರಿ ಬದಲಿಸಲು ಆಗಿನ್ನೂ ಸಮಯವಿರುತ್ತದೆ.